ಮೂರನೇ ನಂಬರಿನ ಮಷೀನು

ಬುಧವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿಗೆ ಒಂದೇ ಕಾಲಲ್ಲಿ ಚಪ್ಪಲಿಯಿತ್ತು. ಅಳತೆ ಟೇಪು ಕುತ್ತಿಗೆಯಲ್ಲಿ ಹಾಗೇ ನೇತಾಡುತ್ತಿತ್ತು. ಐವತ್ತು ದಾಟಿದವಳು, ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಒಬ್ಬಳೇ ಬದುಕುವವಳು. ಸೆಂಟ್ರಿ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರೆ ಅದನ್ನು ಮುಟ್ಟಲಿಲ್ಲ.

“ಗೋಡೆ ಬಿತ್ತು ಸಾರ್. ನಮ್ಮ ಹಿತ್ತಲ ಗೋಡೆ. ಪಕ್ಕದ ಸೈಟಲ್ಲಿ ಮಣ್ಣು ಅಗೀತಿದ್ರು, ಮಷೀನು ತಗುಲ್ತು. ಅಡಿಯಲ್ಲಿ ಒಬ್ಬ ಮನುಷ್ಯ ಸಿಕ್ಕೊಂಡಿದಾನೆ,” ಎಂದಳು. ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. “ಆಪರೇಟರ್‌ದು ತಪ್ಪಿಲ್ಲ. ಅದನ್ನ ಮೊದಲು ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ವರ್ಗವಾಗಿ ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ದೂರು ಕೊಡಲು ಬಂದವರು ಯಾರದು ತಪ್ಪು ಎಂದು ಹೇಳುವುದು ಲೋಕಾರೂಢಿ. ಯಾರದು ತಪ್ಪಲ್ಲ ಎಂದು ಶುರುಮಾಡುವವರನ್ನು ಇಷ್ಟು ವರ್ಷದ ನೌಕರಿಯಲ್ಲಿ ಅವರು ಬೆರಳೆಣಿಕೆಯಷ್ಟು ಕಂಡಿದ್ದರು. ಆದರೆ ಅದನ್ನು ಯೋಚಿಸುವ ಹೊತ್ತು ಅದಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿಸಿ, ಮಹಿಳಾ ಹೆಡ್ ಕಾನ್‌ಸ್ಟೇಬಲನ್ನೂ ಇಬ್ಬರು ಪೇದೆಗಳನ್ನೂ ಹೊಲಿಗೆಯವಳನ್ನೂ ಕರೆದುಕೊಂಡು ಜೀಪು ಹತ್ತಿದರು. ಆ ಹೆಡ್ ಕಾನ್‌ಸ್ಟೇಬಲನ್ನು ಠಾಣೆಯಲ್ಲಿ ಎಲ್ಲರೂ ಹೆಡ್ಡಮ್ಮ ಎನ್ನುತ್ತಿದ್ದರು. ಹಿಂದಿನಿಂದಲ್ಲ, ಮುಖದೆದುರೇ.

ಸೈಟು ಸಣ್ಣದು. ಎರಡೂ ಕಡೆ ಮನೆ, ನಡುವೆ ಹಲ್ಲು ಕಿತ್ತ ಜಾಗದ ಹಾಗೆ ಖಾಲಿ. ಸುಣ್ಣದ ಗೆರೆ ಎಳೆದು ಅಡಿಪಾಯಕ್ಕೆ ಅರ್ಧ ಅಗೆದಿದ್ದರು. ಅಗೆದ ಗುಂಡಿಗೂ ಹೊಲಿಗೆಯವಳ ಹಿತ್ತಲ ಗೋಡೆಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ಟಯರಿಲ್ಲದೆ ಕಬ್ಬಿಣದ ಚೈನಿನ ಮೇಲೆ ಓಡುವ ಒಂದು ಅಗೆಯುವ ಮಷೀನು ನಿಂತಿತ್ತು. ಸೊಂಟದಿಂದ ಮೇಲೆ ಸುತ್ತ ತಿರುಗುವ ಮಷೀನು ಅದು. ಮುಂದಿನ ಬಕೆಟ್ಟು ಬಲಕ್ಕೆ ಹೋದರೆ ಹಿಂದಿನ ಕಬ್ಬಿಣದ ಗಡ್ಡೆ ಎಡಕ್ಕೆ ಬರುತ್ತದೆ. ಆ ಗಡ್ಡೆಗೆ ಕೆಲಸದವರು ಬಾಲ ಎನ್ನುತ್ತಾರೆ. ಈ ಮಷೀನಿನ ಬಾಲ ಚೈನು ದಾಟಿ ಎರಡು ಮೊಳ ಆಚೆ ಚಾಚಿಕೊಂಡಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಮೂರು ಎಂದು ದೊಡ್ಡದಾಗಿ ಬರೆದಿತ್ತು, ಆ ಅಂಕಿಯ ತುಂಬ ಇಟ್ಟಿಗೆಯ ಕೆಂಪು ಪುಡಿ ಮೆತ್ತಿತ್ತು.

ಗೋಡೆ ಹೊಲಿಗೆಯವಳ ಹಿತ್ತಲಿನ ಕಡೆಗೇ ಉರುಳಿತ್ತು. ಇಟ್ಟಿಗೆ ಎತ್ತಿ ಆ ಮನುಷ್ಯನನ್ನು ಹೊರಗೆ ತೆಗೆದಾಗ ಇನ್ನೂ ಉಸಿರಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದೂ ಹೋಯಿತು. ಅವನು ಆ ಸೈಟಿನ ಕೂಲಿಯಾಳು. ಅಳತೆಗೆ ಗೂಟ ಹೊಡೆಯುವುದು ಅವನ ಕೆಲಸವಾದ್ದರಿಂದ ಎಲ್ಲರೂ ಗೂಟದಣ್ಣ ಎಂದು ಕರೆಯುತ್ತಿದ್ದರು. ಮಷೀನು ತಿರುಗುವಾಗ ಹಿಂದೆ ನಿಂತು ಬಾಲ ಕಾಯುವುದೂ, ಗೋಡೆ ಹತ್ತಿರ ಬಂದರೆ ಕೂಗುವುದೂ ಅವನದೇ ಜವಾಬ್ದಾರಿ. ಕಾಯಬೇಕಾದವನೇ ಗೋಡೆಯ ಆಚೆ ಬದಿಗೆ ಯಾಕೆ ಹೋದ?

“ಟೀಗೆ ಕರೆದಿದ್ದೆ,” ಎಂದಳು ಹೊಲಿಗೆಯವಳು. “ಆಪರೇಟರಿಗೂ ಒಂದು ಲೋಟ ಕೊಟ್ಟು ಕಳಿಸಿದೆ. ಗೋಡೆ ಪಕ್ಕದಲ್ಲೇ ನಡ್ಕೊಂಡು ಹೋಗ್ತಿದ್ದ.”

ಇಟ್ಟಿಗೆಯ ಮಧ್ಯೆ ಎರಡು ಸ್ಟೀಲ್ ಲೋಟ ಸಿಕ್ಕವು. ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರೆಂದು ಕರೆದು, ಗೋಡೆಯ ಉದ್ದಗಲ, ಬಾಲಕ್ಕೂ ಗೋಡೆಗೂ ಇದ್ದ ಅಂತರ, ಲೋಟಗಳು ಬಿದ್ದ ಜಾಗ ಎಲ್ಲವನ್ನೂ ಅಳೆದು ಹೆಡ್ಡಮ್ಮ ಪಂಚನಾಮೆ ಬರೆದಳು. ಅಳೆಯಲು ಟೇಪು ಮರೆತು ಬಂದಿದ್ದರು. ಹೊಲಿಗೆಯವಳು ಕುತ್ತಿಗೆಯದನ್ನೇ ತೆಗೆದು ಕೊಟ್ಟಳು.

ಆಪರೇಟರು ಚೈನಿಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ನಲವತ್ತರ ಆಸುಪಾಸಿನವನು, ಗಟ್ಟಿ ಆಳು. ಓಡಿಹೋಗಿರಲಿಲ್ಲ. ಕೂಲಿಯವರು ನಾಲ್ಕು ಏಟು ಹಾಕಿದ್ದರು, ಅದಕ್ಕೂ ಎದುರಾಡಿರಲಿಲ್ಲ. ಎರಡು ಗಂಟೆಗೆ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದ ಸಾವು. ಒಂದನೇ ಆರೋಪಿ ಆಪರೇಟರು, ಎರಡನೆಯವನು ಸೈಟಿನ ಮೇಸ್ತ್ರಿ.

ಶವಾಗಾರದಲ್ಲಿ ಸಹಿ ಹಾಕಲು ಗೂಟದಣ್ಣನ ಕಡೆಯವರು ಬೇಕಿತ್ತು. ಅವನ ಅಂಗಿ ಜೇಬಿನ ಫೋನಿನಲ್ಲಿ ಇದ್ದದ್ದು ಒಂದೇ ನಂಬರು, ಮೇಸ್ತ್ರಿಯದು. ಕೂಲಿಯವರನ್ನು ಕೇಳಿದರೆ ಒಬ್ಬ ಯಾವುದೋ ಊರು ಹೇಳಿದ, ಇನ್ನೊಬ್ಬ ಬೇರೆಯೇ ಊರು ಹೇಳಿದ. ಏಳೆಂಟು ವರ್ಷ ಜೊತೆಗೆ ದುಡಿದವರು ಅವರು. ಪೇದೆ ಹೊರಗಿನ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಬರಿಗೈಯಲ್ಲಿ ಬಂದ. ಸಾರ್, ಯಾರೂ ಇಲ್ಲ ಅಂತ ಬರೀಲಾ ಎಂದು ಕೇಳಿದ. ಇನ್ನೊಂದೆರಡು ದಿನ ನೋಡೋಣ ಎಂದರು ಇನ್‌ಸ್ಪೆಕ್ಟರ್. ಅವರಿಗೂ ಆ ಸಂಜೆ ಮನಸ್ಸು ಕೆಟ್ಟಿತು.

ಅಷ್ಟರೊಳಗೆ ಠಾಣೆಯಲ್ಲಿ ವಿಚಾರಣೆ ನಡೆದಿತ್ತು.

“ಎಷ್ಟು ವರ್ಷದಿಂದ ಮಷೀನು ಓಡಿಸ್ತಿದೀಯ?”

“ಹದಿನೇಳು.”

“ಈ ಜಾಗಕ್ಕೆ ಈ ಮಷೀನು ಸರೀನಾ?”

“ಅಲ್ಲ ಸಾರ್. ನಿನ್ನೆ ಬಂದ ತಕ್ಷಣ ಹೇಳ್ದೆ. ಜಾಗ ಸಾಲಲ್ಲ, ಬಾಲ ತಗುಲುತ್ತೆ ಅಂತ. ಮೇಸ್ತ್ರಿ ಮುಖಕ್ಕೇ ಹೇಳ್ದೆ. ಅವನನ್ನೇ ಕೇಳಿ.”

“ಮತ್ತೆ ವಾಪಸ್ ಹೋಗ್ಬಹುದಿತ್ತಲ್ಲ.”

ಆಪರೇಟರು ಅಂಗಿಯ ತೋಳಿಗೆ ಅಂಟಿದ ಇಟ್ಟಿಗೆ ಪುಡಿಯನ್ನು ಉಜ್ಜಿದ.

“ತಿರುಗಿಸುವಾಗ ಎತ್ತ ನೋಡ್ತಿದ್ದೆ?”

“ಗೋಡೆ ಆಚೆ.”

“ಏನಿತ್ತು ಅಲ್ಲಿ?”

“ಏನಿಲ್ಲ.”

“ಹಿಂದೆ ಗೂಟದಣ್ಣ ಇಲ್ಲ ಅಂತ ಗೊತ್ತಿತ್ತಾ?”

“ಆಗ ಅದು ತಲೇಲಿ ಬರ್ಲಿಲ್ಲ ಸಾರ್. ಕೈ ಅದರ ಪಾಡಿಗೆ ತಿರುಗಿಸ್ತು.” ಅಷ್ಟು ಹೇಳಿ ಅವನು ಅತ್ತ. ಮನೆಯವರ ನಂಬರು ಕೊಡು, ಜಾಮೀನಿಗೆ ಯಾರಾದರೂ ಬರಲಿ ಎಂದರೆ ಕೊಡಲಿಲ್ಲ. ಹೆಂಡತಿ ಮಗಳು ದೂರದಲ್ಲಿದ್ದಾರೆ, ಅವರಿಗೆ ಹೇಳಬೇಡಿ ಎಂದ. ಲೈಸೆನ್ಸು ಹೋದರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅದನ್ನು ಅವನು ಹೇಳಲಿಲ್ಲ, ಇನ್‌ಸ್ಪೆಕ್ಟರಿಗೇ ಹೊಳೆಯಿತು.

ಮೇಸ್ತ್ರಿ ಅರವತ್ತರ ಮನುಷ್ಯ, ಮಾತಿನ ಮಲ್ಲ.

“ನಾನು ಕೇಳಿದ್ದೇ ಈ ಮಷೀನಲ್ಲ ಸಾರ್! ಅಳಿಯನ್ನ ನೋಡೋ ಹಾಗೆ ನೋಡಿ ಆರಿಸಿದ್ದೆ. ಗಲ್ಲಿ ಅಳೆದೆ, ಗೇಟು ಅಳೆದೆ, ಎಷ್ಟು ಆಳ ಅಗೀಬೇಕು, ಟ್ರ್ಯಾಕ್ಟರ್ ಎಲ್ಲಿ ನಿಲ್ಲುತ್ತೆ, ಎಲ್ಲ ಲೆಕ್ಕ ಹಾಕ್ದೆ. ಟಯರ್ ಮಷೀನು ಅಂದ್ರು, ಗಲ್ಲೀಲಿ ತಿರುಗಲ್ಲ, ಬೇಡ ಅಂದೆ. ದೊಡ್ಡ ಚೈನು ಅಂದ್ರು, ಪಕ್ಕದವರ ಗೋಡೆ ಹಳೇದು, ಬೇಡ ಅಂದೆ. ಯಾರ್ಡಿಗೆ ಹೋಗಿ ಚಿಕ್ಕ ಮಷೀನಿಗೆ ಕೈಯಿಟ್ಟು ತೋರಿಸಿ ಬಂದೆ. ಅದರ ಬಾಲ ಚೈನು ದಾಟಲ್ಲ. ಎಲ್ಲಿ ಬೇಕಾದ್ರೂ ಬುಗುರಿ ಹಾಗೆ ತಿರುಗುತ್ತೆ.”

“ಮತ್ತೆ ದೊಡ್ಡದು ಬಂದಾಗ?”

“ಯಾರ್ಡಿಗೆ ಫೋನ್ ಹಾಕ್ದೆ. ‘ನೀವೇ ತಾನೇ ಕೇಳಿದ್ದು’ ಅಂದ ಮ್ಯಾನೇಜರು. ಅವನು ಯಾವಾಗ್ಲೂ ಹಾಗೇ ಸಾರ್. ಒಂದು ಕೇಳಿದ್ರೆ ಇನ್ನೊಂದು ಕಳಿಸ್ತಾನೆ, ನೀವೇ ಹೇಳಿದ್ದು ಅಂತಾನೆ. ಬೈದು ಇಟ್ಟೆ. ವಾಪಸ್ ಕಳಿಸಿದ್ರೆ ಒಂದು ವಾರ ಕೆಲಸ ನಿಲ್ಲುತ್ತೆ. ಹಿಂದೆ ಒಬ್ಬನ್ನ ನಿಲ್ಸಿ ನಿಧಾನಕ್ಕೆ ಮಾಡೋಣ ಅಂದೆ. ಅಷ್ಟೇ ನಾನು ಮಾಡಿದ ಪಾಪ.”

ನಾಲ್ಕು ಗಂಟೆಗೆ ಹೊಲಿಗೆಯವಳು ಪಂಚನಾಮೆಯ ಪ್ರತಿಗೆ ಸಹಿ ಹಾಕಲು ಬಂದಳು. ಈ ಸಲ ಎರಡೂ ಕಾಲಿಗೆ ಚಪ್ಪಲಿಯಿತ್ತು. ಸಹಿ ಹಾಕಿದ ಮೇಲೂ ಹೊರಡಲಿಲ್ಲ. ಲಾಕಪ್ಪಿನ ಕಡೆ ನೋಡದೆ, ಹೆಡ್ಡಮ್ಮನ ಮೇಜಿನ ಪೆನ್ನು ಸ್ಟ್ಯಾಂಡನ್ನು ನೋಡುತ್ತ ಕೇಳಿದಳು.

“ಒಳಗಿರೋರಿಗೆ ಊಟ ಎಲ್ಲಿಂದ ಬರುತ್ತೆ?”

“ಮುಂದಿನ ಹೋಟೆಲಿಂದ.”

“ಬದನೆಕಾಯಿ ಹಾಕಿದ್ರೆ ಆ ಆಪರೇಟರಿಗೆ ಕೊಡಬೇಡಿ. ಮೈಯೆಲ್ಲ ದದ್ದು ಏಳುತ್ತೆ.”

ಹೆಡ್ಡಮ್ಮ ತಲೆಯಾಡಿಸಿದಳು. ಪಾಪ, ಮೃದು ಮನಸ್ಸಿನವಳು ಎಂದುಕೊಂಡಳೇ ವಿನಾ ಮುಂದೆ ಯೋಚಿಸಲಿಲ್ಲ. ಏಳು ಗಂಟೆಗೆ ಊಟದ ಪೊಟ್ಟಣ ಬಂದಾಗ ಆಪರೇಟರು ಪಲ್ಯವನ್ನು ಬೆರಳಲ್ಲಿ ಸರಿಸಿ, ಇದು ಬದನೆಕಾಯಿಯಾ ಮೇಡಂ, ನನಗೆ ಆಗಲ್ಲ ಎಂದ. ಆಗ ಹೆಡ್ಡಮ್ಮನ ಕೈ ಪೊಟ್ಟಣದ ಮೇಲೇ ನಿಂತಿತು.

ಬೆಳಿಗ್ಗೆ ಇನ್‌ಸ್ಪೆಕ್ಟರಿಗೆ ಹೇಳಿದಳು. ಅವರು ಕ್ವಾರ್ಟರ್ಸಿನಲ್ಲಿ ಒಬ್ಬರೇ ಇಸ್ತ್ರಿ ಹಾಕಿಕೊಂಡ ಅಂಗಿಯ ಗುಂಡಿ ಹಾಕುತ್ತಲೇ ಬಂದಿದ್ದರು. ಕೇಳಿ, ಕೊನೆಯ ಗುಂಡಿ ಹಾಕಿ, “ಮೊದಲು ಯಾರ್ಡಿಗೆ ಹೋಗೋಣ. ಮಧ್ಯಾಹ್ನದೊಳಗೆ ಆಪರೇಟರನ್ನ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು,” ಎಂದರು.

ಬಾಡಿಗೆ ಯಾರ್ಡಿನಲ್ಲಿ ಹಳದಿ ಮಷೀನುಗಳು ಬಕೆಟ್ಟು ನೆಲಕ್ಕೂರಿ ಸಾಲಾಗಿ ಮಲಗಿದ್ದವು. ಮ್ಯಾನೇಜರು ಪೊಲೀಸರನ್ನು ಕಂಡೊಡನೆ ಎದ್ದು ನಿಂತು ಎರಡು ಕುರ್ಚಿ ಒರೆಸಿದ. ಒಂದನ್ನು ಎರಡು ಸಲ ಒರೆಸಿದ.

“ಮೇಸ್ತ್ರಿ ಚಿಕ್ಕದನ್ನ ಆರಿಸಿದ್ದು ನಿಜ ಸಾರ್. ಭಾನುವಾರ ಬಂದು ಎರಡು ಗಂಟೆ ನನ್ನ ತಲೆ ತಿಂದ. ಆದ್ರೆ ಸೋಮವಾರ ಮಧ್ಯಾಹ್ನ ಅವನೇ ಬದಲಾಯಿಸ್ದ. ನೋಡಿ, ಮೆಸೇಜು.”

ಫೋನಿನಲ್ಲಿ ಮೇಸ್ತ್ರಿಯ ನಂಬರಿನಿಂದ ಬಂದ ಸಾಲು ಹೀಗಿತ್ತು: ನಾಳೆ ಚಿಕ್ಕ ಮಷೀನು ಬೇಡ. ಮೂರನೇ ನಂಬರ್ ಕಳಿಸಿ.

ಕಳ್ಳ ಸಿಕ್ಕಿಬಿದ್ದ ಎಂದು ಪೇದೆ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ಫೋನು ಕೈಗೆ ತೆಗೆದುಕೊಂಡು ಅದೇ ನಂಬರಿನ ಹಳೆಯ ಸಂದೇಶಗಳನ್ನು ಮೇಲಕ್ಕೆ ಸರಿಸುತ್ತ ಹೋದರು. ತಿಂಗಳುಗಟ್ಟಲೆ ಇದ್ದದ್ದೆಲ್ಲ ಧ್ವನಿ ಸಂದೇಶಗಳೇ. ಒಂದನ್ನು ಒತ್ತಿದರೆ ಮೇಸ್ತ್ರಿಯ ಗಂಟಲು ಯಾರ್ಡಿಗೆಲ್ಲ ಕೇಳುವಂತೆ ಬೈಯುತ್ತಿತ್ತು. ಅಕ್ಷರದಲ್ಲಿ ಬಂದದ್ದು ಸೋಮವಾರದ ಆ ಒಂದೇ ಸಾಲು.

“ಗಿರಾಕಿಗಳು ಮಷೀನನ್ನ ನಂಬರ್ ಹೇಳಿ ಕೇಳ್ತಾರಾ?”

ಮ್ಯಾನೇಜರು ತಲೆ ಕೆರೆದುಕೊಂಡ. “ಇಲ್ಲ ಸಾರ್. ಚಿಕ್ಕದು, ದೊಡ್ಡದು, ಅಷ್ಟೇ ಅನ್ನೋದು. ನಂಬರು ನಮ್ಮ ಗುರುತಿಗೆ ನಾವು ಬರೆದಿರೋದು.”

“ಇದೇ ಅಳತೆಯ ದೊಡ್ಡ ಮಷೀನು ಇನ್ನೂ ಇದೆಯಾ?”

“ಇದೆಯಲ್ಲ. ನಾಲ್ಕು, ಐದು. ಸೋಮವಾರ ಎರಡೂ ಖಾಲೀನೇ ಇದ್ವು.”

“ಹಾಗಾದ್ರೆ ಮೂರನೇದೇ ಬೇಕು ಅನ್ನೋಕೆ ಅದರಲ್ಲಿ ಏನು ವಿಶೇಷ?”

“ಏನೂ ಇಲ್ಲ ಸಾರ್. ಎಲ್ಲ ಒಂದೇ ತಾಯಿ ಮಕ್ಕಳು. ಆಪರೇಟರ್ ಒಬ್ಬನೇ ಬೇರೆ. ನಮ್ಮಲ್ಲಿ ಒಂದು ಮಷೀನಿಗೆ ಒಬ್ಬನೇ ಆಳು. ಮಷೀನು ಎಲ್ಲಿ ಹೋಗುತ್ತೋ ಅವನೂ ಅಲ್ಲಿ. ಗಂಡ ಹೆಂಡ್ತಿನಾದ್ರೂ ಬಿಟ್ಟಿರ್ತಾರೆ, ಇವರು ಬಿಡಲ್ಲ.”

“ಫೋನ್ ಮಾಡಿ ಖಚಿತ ಮಾಡ್ಕೊಳ್ಳಲಿಲ್ವಾ?”

“ದೊಡ್ಡದಕ್ಕೆ ಬಾಡಿಗೆ ಜಾಸ್ತಿ,” ಎಂದ ಮ್ಯಾನೇಜರು, ನೆಲ ನೋಡುತ್ತ. “ಕೇಳಿ ಯಾಕೆ ಕೆಡಿಸಿಕೊಳ್ಳಲಿ ಅಂತ.”

ಹೆಡ್ಡಮ್ಮ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಮಷೀನು ಆರಿಸಿದ ಕೈಗೆ ಮಷೀನು ಬೇಕಿರಲಿಲ್ಲ, ಅದರೊಳಗೆ ಕೂರುವ ಮನುಷ್ಯ ಬೇಕಿತ್ತು.

ಠಾಣೆಗೆ ಬಂದು ಮೇಸ್ತ್ರಿಯನ್ನು ಎದುರು ಕೂರಿಸಿ, ಅವನ ಫೋನನ್ನೇ ಕೊಟ್ಟು, ನಾಳೆ ಬೇಡ ಎಂದು ಬರಿ ಎಂದರು ಇನ್‌ಸ್ಪೆಕ್ಟರ್. ಮೇಸ್ತ್ರಿ ತೋರುಬೆರಳಿಂದ ಒತ್ತಿದ. ಏನೂ ಮೂಡಲಿಲ್ಲ. ಅಂಗಿಗೆ ಒರೆಸಿ ಒತ್ತಿದ, ಬೇರೆ ಯಾವುದೋ ಅಕ್ಷರ ಬಿತ್ತು. ನಲವತ್ತು ವರ್ಷ ಸಿಮೆಂಟು ಕಲಸಿ ಬೆರಳ ತುದಿಗಳು ಸವೆದು ಕಲ್ಲಾಗಿದ್ದವು.

“ನನ್ನ ಬೆರಳು ಇದಕ್ಕೆ ಗೊತ್ತಾಗಲ್ಲ ಸಾರ್. ಗೆಣ್ಣಲ್ಲಿ ಒತ್ತಿ ಮಾತಾಡಿ ಕಳಿಸ್ತೀನಿ. ಲಾಕೂ ಹಾಕಿಲ್ಲ. ಹಾಕಿದ್ರೆ ನನಗೇ ತೆಗೆಯೋಕಾಗಲ್ಲ.”

ಯಾರ್ಡಿನ ಸಂದೇಶವನ್ನು ತೋರಿಸಿದಾಗ ಅವನು ಅದನ್ನು ಎರಡು ಸಲ ಓದಿದ. ಅವನ ಫೋನಿನಲ್ಲಿ ಆ ಸಾಲು ಇರಲಿಲ್ಲ, ಯಾರೋ ಅಳಿಸಿದ್ದರು.

“ಸೋಮವಾರ ಮಧ್ಯಾಹ್ನ ಫೋನ್ ಎಲ್ಲಿತ್ತು?”

“ನನ್ನ ಹತ್ರಾನೇ... ಅಲ್ಲ.” ಮೇಸ್ತ್ರಿ ಕಣ್ಣು ಕಿರಿದು ಮಾಡಿದ. “ಕಬ್ಬಿಣದ ಅಂಗಡಿಗೆ ಹೋಗಿದ್ದೆ. ಸೈಟಲ್ಲಿ ಕರೆಂಟಿಲ್ಲ ಸಾರ್. ಚಾರ್ಜಿಗೆ ಪಕ್ಕದ ಅಮ್ಮನ ಮನೇಲಿ ಹಾಕಿದ್ದೆ. ದಿನಾ ಅಲ್ಲೇ ಹಾಕೋದು. ಒಳ್ಳೆಯವರು ಆಯಮ್ಮ. ನಾವು ಸೈಟಿಗೆ ಬಂದಾಗಿಂದ ನಮ್ಮ ಜೊತೆ ಮಾತು ಅಂದ್ರೆ ಮಾತು. ಮಷೀನು ಹೆಂಗೆ ಆರಿಸ್ತೀರಿ, ಆಪರೇಟರು ಬೇರೆ ಬರ್ತಾನಾ ಜೊತೆಗೇ ಬರ್ತಾನಾ, ಎಲ್ಲಾ ಕೇಳೋರು. ನಾನೂ ಹೇಳ್ತಿದ್ದೆ. ಕೇಳೋರು ಯಾರಿದಾರೆ ನಮ್ಮ ಕೆಲಸಾನ?”

ಹತ್ತು ಗಂಟೆಗೆ ಇನ್‌ಸ್ಪೆಕ್ಟರೂ ಹೆಡ್ಡಮ್ಮನೂ ಹೊಲಿಗೆಯವಳ ಮನೆಯ ಬಾಗಿಲು ತಟ್ಟಿದರು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಕತ್ತರಿಸಿಟ್ಟ ಬಟ್ಟೆ, ಗೋಡೆಯಲ್ಲಿ ಒಂದು ಪ್ಲಗ್ಗು. ಹಿಂದಿನ ಕೋಣೆಯೇ ಅಡಿಗೆಮನೆ. ಅದರ ಬಾಗಿಲಿನಿಂದ ನೋಡಿದರೆ ಈಗ ಗೋಡೆಯೇ ಇಲ್ಲದೆ ಇಡೀ ಸೈಟು ಕಾಣುತ್ತಿತ್ತು, ಮೂರನೇ ನಂಬರಿನ ಮಷೀನೂ ಕಾಣುತ್ತಿತ್ತು. ಕುರ್ಚಿ ಒಂದೇ ಇತ್ತು. ಆಕೆ ಅದನ್ನು ಇನ್‌ಸ್ಪೆಕ್ಟರಿಗೆ ಸರಿಸಿದಳು. ಅವರು ಕೂರಲಿಲ್ಲ.

ಹೆಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಬದನೆಕಾಯಿ ಆಗಲ್ಲ ಅಂತ ನಿಮಗೆ ಹೇಗೆ ಗೊತ್ತಮ್ಮ?”

ಸುಳ್ಳು ಹೇಳಲು ಆಕೆಗೆ ಒಂದು ದಿನ ಸಮಯವಿತ್ತು, ಯಾವುದನ್ನೂ ಕಟ್ಟಿಕೊಂಡಿರಲಿಲ್ಲ.

“ನಾನೇ ಸಾಕಿದ್ದು,” ಎಂದಳು. “ನನ್ನ ತಮ್ಮ.”

ಅಮ್ಮ ಹೋದಾಗ ತಮ್ಮನಿಗೆ ಆರು ವರ್ಷ, ಇವಳಿಗೆ ಹದಿನೇಳು. ಹೊಲಿಗೆ ಕಲಿತು ಅವನನ್ನು ಬೆಳೆಸಿದಳು. ತನಗೊಂದು ಮದುವೆ ಎಂಬುದು ಆ ಗಡಿಬಿಡಿಯಲ್ಲಿ ಮರೆತೇಹೋಯಿತು. ಅವನು ತಾನೇ ಮೆಚ್ಚಿ ಒಬ್ಬಳನ್ನು ಕರೆತಂದಾಗ ಅಕ್ಕ ಹೊಸ್ತಿಲಲ್ಲಿ ನಿಂತು, ಇವಳು ಈ ಮನೆ ಮೆಟ್ಟಿಲು ಹತ್ತಕೂಡದು ಎಂದುಬಿಟ್ಟಳು. ಹಾಗಾದರೆ ನಾನೂ ಹತ್ತಲ್ಲ ಎಂದ ಅವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವಳು ಎರಡು ದಿನಕ್ಕೇ ಪಶ್ಚಾತ್ತಾಪಪಟ್ಟಳು. ಆದರೆ ಅಕ್ಕನೂ ತಮ್ಮನೂ ಒಂದೇ ಹಟದ ಗಿಡದ ಕಾಯಿಗಳು. ಹನ್ನೆರಡು ವರ್ಷ ಹಾಗೇ ಕಳೆಯಿತು. ಈ ನಡುವೆ ಆಕೆ ಮನೆ ಬದಲಾಯಿಸಿದಳು, ಅವನು ಊರೂರು ಅಲೆದ.

“ಆರು ತಿಂಗಳ ಹಿಂದೆ ಬಟ್ಟೆ ಅಂಗಡಿ ಮುಂದೆ ನಿಂತಿದ್ದೆ. ಲಾರಿ ಮೇಲೆ ಒಂದು ಮಷೀನು ಹೋಯ್ತು. ಲಾರಿ ಮುಂದೆ ಇವನು ಕೂತಿದ್ದ. ತಲೆ ನೆರೆತಿತ್ತು ಮೇಡಂ, ನನ್ನ ತಮ್ಮಂದು.” ಆಕೆ ತನ್ನ ತಲೆಯ ಮೇಲೊಮ್ಮೆ ಕೈ ಆಡಿಸಿಕೊಂಡಳು. “ಮಷೀನಿನ ಹಿಂದೆ ಮೂರು ಅಂತಿತ್ತು, ಯಾರ್ಡಿನ ಹೆಸರಿತ್ತು. ಅಷ್ಟೇ ನನಗೆ ಗೊತ್ತಿದ್ದದ್ದು. ಆಮೇಲೆ ಮೇಸ್ತ್ರಿ ಅದೇ ಯಾರ್ಡಿನ ಹೆಸರು ಹೇಳಿದ್ರು.”

“ಮೆಸೇಜ್ ನೀವೇ ಹಾಕಿದ್ದಾ?”

“ಹೂಂ. ಚಾರ್ಜಿಗೆ ಹಾಕಿದ್ದ ಫೋನಲ್ಲಿ.”

“ಈ ಮಷೀನು ಯಾಕೆ ಬೇಡ ಅಂತ ಮೇಸ್ತ್ರಿ ಹೇಳಿದ್ರು ತಾನೇ?” ಇದನ್ನು ಕೇಳಿದವರು ಇನ್‌ಸ್ಪೆಕ್ಟರ್.

“ಹೇಳಿದ್ರು. ಬಾಲ ದೊಡ್ಡದು, ನಿಮ್ಮ ಗೋಡೆಗೆ ತಗುಲುತ್ತೆ ಅಂದ್ರು. ಗೋಡೆ ನನ್ನದು ಸಾರ್. ಬಿದ್ರೆ ಬೀಳ್ಲಿ ಅಂದ್ಕೊಂಡೆ.” ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಗೋಡೆ ಒಂದೇ ಬೀಳುತ್ತೆ ಅಂತಿದ್ದೆ.”

“ಅವನು ಬಂದ ಮೇಲೆ ಮಾತಾಡಿದ್ರಾ?”

“ಇಲ್ಲ. ಮಂಗಳವಾರ ಪೂರ್ತಿ ಇಲ್ಲೇ ನಿಂತಿದ್ದೆ. ಅವನು ಮೇಲೆ ಕೂತಿರ್ತಾನಲ್ಲ, ಗೋಡೆ ಮೇಲಿಂದ ಕಾಣ್ತಿದ್ದ. ನೋಡಿದ, ಗುರುತು ಹಿಡಿದ. ಆಮೇಲೆ ಮುಖ ತಿರುಗಿಸ್ದ. ಮಾತು ಬೇಕಿರ್ಲಿಲ್ಲ ಸಾರ್. ಮೂರು ದಿನದ ಕೆಲಸ ಅಂದಿದ್ರು. ಮೂರು ದಿನ ಆಚೆ ಬದೀಲಿ ಇದ್ರೆ ಸಾಕಿತ್ತು.”

“ಮತ್ತೆ ಬುಧವಾರ?”

“ಗೂಟದಣ್ಣನ ಕೈಲಿ ಟೀ ಕೊಟ್ಟು, ಆಪರೇಟರಿಗೆ ಕೊಡಿ, ಅಕ್ಕ ಕೊಟ್ಟಳು ಅಂತ ಹೇಳಿ ಅಂದೆ. ಅವರು ನಕ್ಕರು. ‘ಓ, ಅಕ್ಕಾನಾ? ಬಾಯಿ ಬಿಟ್ಟು ಕರೀತೀನಿ ಬಿಡಿ’ ಅಂದ್ರು. ಅಲ್ಲಿಂದಲೇ ಕೂಗಿದ್ರು, ‘ಏ ಆಪರೇಟ್ರೇ, ನಿಮ್ಮಕ್ಕ ಟೀ ಕೊಟ್ಟಿದಾರೆ!’ ಅಂತ. ಆಗ ತಮ್ಮ ಈ ಕಡೆ ತಿರುಗಿ ನೋಡಿದ. ಮುಖ ತಿರುಗಿಸಲಿಲ್ಲ, ನೋಡ್ತಾನೇ ಇದ್ದ. ಮಷೀನು ತಿರುಗ್ತಾನೇ ಇತ್ತು.” ಮುಂದಿನದನ್ನು ಯಾರೂ ಕೇಳಲಿಲ್ಲ.

ಹತ್ತು ನಲವತ್ತಕ್ಕೆ ಹೆಡ್ಡಮ್ಮ ಆಕೆಯನ್ನು ಬಂಧಿಸಿದಳು. ಹೊರಡುವ ಮುಂಚೆ ಆಕೆ ಹೊಲಿಗೆ ಮಷೀನಿನ ಮೇಲೆ ಬಟ್ಟೆ ಹೊದಿಸಿ, ಸ್ಟವ್ ಆರಿದೆಯೇ ಎಂದು ನೋಡಿ, ಬೀಗ ಹಾಕಿದಳು. ಬೀದಿಯಲ್ಲಿ ನಾಲ್ಕು ಜನ ನಿಂತು ನೋಡಿದರು. ಅವರಲ್ಲಿ ಇಬ್ಬರು ಆಕೆಯ ಕೈಯಲ್ಲಿ ಹೊಲಿದ ರವಿಕೆಯನ್ನೇ ತೊಟ್ಟಿದ್ದರು, ಯಾರೂ ಏನಾಯಿತಮ್ಮ ಎಂದು ಕೇಳಲಿಲ್ಲ.

ಠಾಣೆಯಲ್ಲಿ ಬಂಧನದ ಕಾಗದ ಬರೆಯುವಾಗ ಒಂದು ಕಡೆ ತೊಡಕಾಯಿತು. ಬಂಧನದ ವಿಷಯವನ್ನು ಆರೋಪಿಯ ಹತ್ತಿರದವರೊಬ್ಬರಿಗೆ ತಿಳಿಸಿ ಸಹಿ ಪಡೆಯಬೇಕೆಂಬುದು ಕಾನೂನು.

“ಯಾರಿಗೆ ಹೇಳಬೇಕಮ್ಮ?” ಹೆಡ್ಡಮ್ಮ ಕೇಳಿದಳು.

“ಯಾರಿಗೂ ಇಲ್ಲ.”

“ಹಾಗೆ ಬಿಡೋಕಾಗಲ್ಲ. ಒಬ್ಬರ ಹೆಸರು ಹೇಳಿ.”

ಆಕೆ ಹೇಳಲಿಲ್ಲ. ಇನ್‌ಸ್ಪೆಕ್ಟರ್ ಎದ್ದು ಹೋಗಿ ತಾವೇ ಲಾಕಪ್ಪಿನ ಬೀಗ ತೆಗೆದರು. ಅಲ್ಲೇ ನಿಂತು ಆಪರೇಟರಿಗೆ ಎಲ್ಲವನ್ನೂ ಹೇಳಿದರು. ಸಂದೇಶ ಯಾರದು, ಯಾಕೆ, ಎಲ್ಲವನ್ನೂ. ಮಷೀನು ಸರಿಯಿಲ್ಲ ಎಂದು ಅವನು ಮೊದಲೇ ಎಚ್ಚರಿಸಿದ್ದನ್ನು ಮೇಸ್ತ್ರಿ ಹೇಳಿಕೆಯಲ್ಲಿ ಒಪ್ಪಿದ್ದಾನೆ, ಅದನ್ನು ಕೋರ್ಟಿಗೆ ಬರೆಯುತ್ತೇನೆ, ಯಾರ್ಡಿನ ಮ್ಯಾನೇಜರು ಜಾಮೀನಿಗೆ ಬಂದು ಕೂತಿದ್ದಾನೆ ಎಂದೂ ಹೇಳಿದರು. ಅವನ ಕಿವಿಗೆ ಕೊನೆಯದು ಬಿದ್ದ ಹಾಗೆ ಕಾಣಲಿಲ್ಲ. ಈಚೆ ಬಂದು ಮೇಜಿನ ಎದುರು ನಿಂತ. ಅಕ್ಕ ತಲೆ ಎತ್ತಲಿಲ್ಲ.

“ಗೂಟದಣ್ಣ ಸತ್ತೋದ,” ಎಂದ.

“ಹೂಂ.”

“ನನ್ನ ಕೈಲಿ ಸತ್ತೋದ.”

“ನಿನ್ನ ಕೈಲಲ್ಲ. ಎಲ್ಲ ಬರೆಸಿದೀನಿ.”

“ಬರೆಸಿದ್ರೆ ನನ್ನ ಕೈಯಿಂದ ಹೋಗುತ್ತಾ?” ಅವನ ದನಿ ಏರಿತು. ಪೇದೆ ಹತ್ತಿರ ಬಂದ, ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದರು. “ಅಷ್ಟು ನೋಡ್ಬೇಕು ಅನ್ಸಿದ್ರೆ ಯಾರ್ಡಿಗೆ ಫೋನ್ ಮಾಡಿ ನನ್ನ ಕರೀಬಹುದಿತ್ತು. ಒಂದು ಫೋನು. ಅಷ್ಟೂ ಆಗ್ಲಿಲ್ವಾ ನಿನಗೆ?”

ಆಗ ಆಕೆ ತಲೆ ಎತ್ತಿದಳು.

“ಮಾಡಿದ್ರೆ ಬರ್ತಿದ್ದೆಯೇನೋ?”

ಹೊರಗೆ ಜೀಪು ಸ್ಟಾರ್ಟ್ ಆಗಿ ಕಾಯುತ್ತಿತ್ತು. ಆಪರೇಟರು ಹೌದು ಎಂದುಬಿಡಬಹುದಿತ್ತು, ಅಷ್ಟು ಸಣ್ಣ ಸುಳ್ಳಿಗೆ ಅಲ್ಲಿ ಯಾರೂ ಅವನನ್ನು ತಡೆಯುತ್ತಿರಲಿಲ್ಲ.

“ಇಲ್ಲ,” ಎಂದ.

ಆಕೆ ತಲೆಯಾಡಿಸಿದಳು. ಅದು ಆಕೆಗೆ ಮೊದಲೇ ಗೊತ್ತಿತ್ತು. ಅವನು ಹೆಡ್ಡಮ್ಮನ ಕೈಯಿಂದ ಪೆನ್ನು ತೆಗೆದುಕೊಂಡು, ಎಲ್ಲಿ ಎಂದು ಕೇಳಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಸಹಿ ಗೆರೆ ದಾಟಿತು. ಪಕ್ಕದಲ್ಲಿ ಸಂಬಂಧ ಬರೆಯುವ ಜಾಗವಿತ್ತು. ಹೆಡ್ಡಮ್ಮ ಬರೆಯಲು ಹೋದವಳು, ಅವನೇ ಬಗ್ಗಿ ತಮ್ಮ ಎಂದು ಬರೆದದ್ದನ್ನು ನೋಡಿ ಸುಮ್ಮನಾದಳು.

ಕೋರ್ಟಿಗೆ ಕೊಡುವ ವರದಿಯಲ್ಲಿ ಉದ್ದೇಶ ಎಂಬಲ್ಲಿ ಏನು ಬರೆಯುವುದೆಂದು ಇನ್‌ಸ್ಪೆಕ್ಟರ್ ಬಹಳ ಹೊತ್ತು ಕೂತರು. ಹಳೆ ದ್ವೇಷ, ಲಾಭ, ದುರಾಸೆ, ಯಾವುದೂ ಹೊಂದಲಿಲ್ಲ. ಕೊನೆಗೆ ಬರೆದದ್ದು ಇಷ್ಟು: ಆರೋಪಿಗೆ ಮೃತನ ಮೇಲೆ ಯಾವ ಹಗೆಯೂ ಇರಲಿಲ್ಲ. ದೂರವಾದ ತಮ್ಮನನ್ನು ಮೂರು ದಿನ ಕಣ್ಣಾರೆ ನೋಡುವ ಆಸೆಯಿಂದ, ಬೇರೆಯವರ ಹೆಸರಿನಲ್ಲಿ ಮಷೀನು ಬದಲಾಯಿಸಿದ್ದಾಳೆ. ಇದು ಅಪರಾಧ ಹೌದು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆದರೂ ಪೆನ್ನು ಮುಚ್ಚುವ ಮೊದಲು ಆ ಸಾಲನ್ನು ಇನ್ನೊಮ್ಮೆ ಓದಿದರು.

ಕೋರ್ಟು ಅಕ್ಕನನ್ನು ಜೈಲಿಗೆ ಕಳಿಸಿತು. ಸಂಜೆ ಜಾಮೀನಿನ ಮೇಲೆ ಹೊರಬಂದ ಆಪರೇಟರು ಕೋರ್ಟಿನಿಂದ ನೇರ ಮನೆಗೆ ಹೋಗಲಿಲ್ಲ. ಮತ್ತೆ ಠಾಣೆಗೇ ಬಂದು ಹೆಡ್ಡಮ್ಮನ ಮೇಜಿನ ಮುಂದೆ ನಿಂತ.

“ಜೈಲಲ್ಲಿ ನೋಡೋಕೆ ಯಾವತ್ತು ಬಿಡ್ತಾರೆ ಮೇಡಂ?”

“ಮಂಗಳವಾರ, ಶುಕ್ರವಾರ. ಹತ್ತಿರದ ಸಂಬಂಧಿಕರಿಗೆ ಮಾತ್ರ.”

“ನಾನು ಹತ್ತಿರದವನೇ,” ಎಂದು ಅವನು ಹೇಳಿ, “ಎಷ್ಟೊತ್ತು ಬಿಡ್ತಾರೆ?” ಎಂದು ಕೇಳಿದ.

“ಹತ್ತು ನಿಮಿಷ.”

ನಾಳೆ ಶುಕ್ರವಾರ. ಅವನು ಆ ಹತ್ತನ್ನು ಬೆರಳಲ್ಲಿ ಎಣಿಸಿ ನೋಡಿ, ಆಗಲಿ ಎಂದು ಹೇಳಿ, ಮೆಟ್ಟಿಲಿಳಿದು ಹೋದ.